ಕತ್ತಲ ಸುತ್ತಿನಲ್ಲಿ ಹಿಡಿದ ಕೈ

ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಬೆಟ್ಟದ ಬುಡದ ಯಾತ್ರಿಗೃಹದಲ್ಲಿ ಹೆಂಗಸರಿಗೆಂದು ಕೊಟ್ಟಿದ್ದ ಉದ್ದನೆಯ ಕೋಣೆಯ ತುಂಬ ಕಬ್ಬಿಣದ ಮಂಚಗಳು. ಕಿಟಕಿಯ ಸರಳಿನಿಂದ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒದ್ದೆ ಸೀರೆಗಳು, ಟವೆಲುಗಳು. ದೇವಸ್ಥಾನ ಮೇಲಿತ್ತು, ಕಾಣುತ್ತಿರಲಿಲ್ಲ. ಬೆಳಗಾದ ಮೇಲೆ ಹತ್ತುವುದೆಂದು ಬಸ್ಸಿನ ಮ್ಯಾನೇಜರು ಹೇಳಿ ಹೋಗಿದ್ದ. ಊಟ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಮಲಗುವುದಕ್ಕೆ ಇನ್ನೂ ಹೊತ್ತಿದೆ, ಕೂರುವುದಕ್ಕೆ ಬೆಳಕಿಲ್ಲ ಎನ್ನುವ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ತಂಡದಲ್ಲಿದ್ದ ಅಜ್ಜಿಯೊಬ್ಬಳ ಮಂಚದ ಸುತ್ತ ಸೇರಿಕೊಂಡರು.

ಹಾಗೆ ಸೇರಲು ಕಾರಣ ನರ್ಸ್ ಆಡಿದ ಒಂದು ಮಾತು.

ನರ್ಸ್ ಆ ತಂಡಕ್ಕೆ ಒಂಟಿಯಾಗಿ ಬಂದವಳು. ವಾರ್ಡಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಮೈ ನೋಡಿ ನೋಡಿ, ರಜೆಯಲ್ಲೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಬಸ್ಸು ಹತ್ತಿದಾಗಿನಿಂದ ಅವಳು ಅಜ್ಜಿಯನ್ನೂ ಅಜ್ಜಿಯ ಅಣ್ಣನನ್ನೂ ಗಮನಿಸುತ್ತಿದ್ದಳು. ಆ ಮುದುಕ ಬಸ್ಸಿನ ಕಂಬಿ ಹಿಡಿಯುತ್ತಿರಲಿಲ್ಲ. ಎರಡು ತೋಳುಗಳನ್ನೂ ಮೈಯಿಂದ ಸ್ವಲ್ಪ ದೂರ ಇಟ್ಟುಕೊಂಡು, ಬೆರಳುಗಳನ್ನು ಅರೆ ಮುಚ್ಚಿಕೊಂಡು ನಡೆಯುತ್ತಿದ್ದ. ಊಟದ ಹೊತ್ತಿಗೆ ಅಜ್ಜಿ ಎದುರು ಕೂತು ತುತ್ತು ಕೊಡುತ್ತಿದ್ದಳು. ಲಕ್ವ ಇರಬೇಕು ಎಂದುಕೊಂಡು ನರ್ಸ್ ಸಂಜೆ ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದ್ದಳು. ನಾಡಿ ಚೆನ್ನಾಗಿತ್ತು. ಬೆರಳು ಬಿಡಿಸಲು ನೋಡಿದರೆ ಬಿಡಿಸಲಾಗಲಿಲ್ಲ. ಸೆಟೆದ ಕೈಯಲ್ಲ ಅದು... ಏನನ್ನೋ ಹಿಡಿದಿದ್ದ ಕೈ. ಮುದುಕ ಮಾತ್ರ ಮಗುವಿನ ಹಾಗೆ ನಕ್ಕು, "ಬೇಡಮ್ಮ" ಎಂದಿದ್ದ.

ಅದಾದ ಮೇಲೆ ನರ್ಸ್ ಅಜ್ಜಿಗೆ ಹೇಳಿದ್ದಳು: "ನಾಳೆ ಗುಡಿಯೊಳಗೆ ಕತ್ತಲಲ್ಲಿ ಸುತ್ತು ಬರಬೇಕಂತಲ್ಲ, ಅಜ್ಜಿ? ತಾತನ ಕೈ ನಾನು ಹಿಡ್ಕೋತೀನಿ. ನೀವು ಹೊರಗೆ ಆರಾಮಾಗಿ ಕೂತಿರಿ."

"ಬೇಡ ಮಗಾ."

"ಕಷ್ಟ ಏನಿಲ್ಲ. ನನ್ನ ಕೆಲಸವೇ ಅದು."

ಅಜ್ಜಿ ಅವಳ ಮುಖ ನೋಡಿ, "ಯಾಕೆ ಅಂತ ಹೇಳದೆ ಬೇಡ ಅಂದ್ರೆ ನೀನು ಕೇಳೋಳಲ್ಲ. ಊಟ ಆದ್ಮೇಲೆ ಬಾ. ಇವರೂ ಬರಲಿ. ಎಲ್ಲರಿಗೂ ಒಂದೇ ಸಲ ಹೇಳಿದ್ರೆ ನಂಗೂ ಬಾಯಿ ನೋವು ಕಮ್ಮಿ" ಎಂದಿದ್ದಳು.

ಈಗ ಎಲ್ಲರೂ ಬಂದಿದ್ದರು. ನಿವೃತ್ತ ಹೆಡ್‌ಮೇಡಂ ಮಡಿಲಲ್ಲಿ ಟಾರ್ಚ್ ಇಟ್ಟುಕೊಂಡು ಕೂತಿದ್ದರು. "ದೆವ್ವದ ಕತೆ ಆದ್ರೆ ನಾನು ಇದನ್ನ ಆರಿಸಲ್ಲ, ಈಗಲೇ ಹೇಳಿದೀನಿ."

"ಆರಿಸಬೇಡಿ ಮೇಡಂ. ಸೆಲ್ ನಿಮ್ದು, ಹೆದರಿಕೇನೂ ನಿಮ್ದು" ಎಂದಳು ಅಜ್ಜಿ. ನಾಲ್ಕೈದು ಜನ ನಕ್ಕರು. ಅಜ್ಜಿ ಕಾಲು ಮಡಚಿ ಕೂತು, ಸೆರಗಿನಿಂದ ಮಂಡಿ ಮುಚ್ಚಿಕೊಂಡು, ಹೊರಗೆ ಸುರಿಯುವ ಮಳೆ ತಗ್ಗಲೆಂಬಂತೆ ಸ್ವಲ್ಪ ಕಾದಳು. ಅದು ತಗ್ಗಲಿಲ್ಲ.

"ನೀವು ಯಾರೂ ಮೇಲಿನ ಗುಡಿ ನೋಡಿಲ್ಲ. ನಾನು ನೋಡಿದೀನಿ. ಯಾವ ಕಾಲದ್ದು, ಯಾರು ಕಟ್ಟಿಸಿದ್ದು ಅಂತ ಅಲ್ಲಿ ಪೂಜೆ ಮಾಡೋರಿಗೇ ಸರಿಯಾಗಿ ಗೊತ್ತಿಲ್ಲ. ಕಂಬ ಮುಟ್ಟಿದ್ರೆ ಎಣ್ಣೆ ಹಚ್ಚಿದ ಹಾಗೆ ಜಾರತ್ತೆ, ಅಷ್ಟು ಜನರ ಕೈ ಆಡಿದೆ ಅದರ ಮೇಲೆ. ಗರ್ಭಗುಡಿ ಸುತ್ತ ಎರಡು ಗೋಡೆ ನಡುವೆ ಒಂದು ಓಣಿ. ಕಿಟಕಿ ಇಲ್ಲ, ದೀಪ ಒಯ್ಯೋ ಹಾಗಿಲ್ಲ. ಒಂದು ಬಾಗಿಲಲ್ಲಿ ಒಳಗೆ ಹೋಗಿ, ದೇವರನ್ನ ಬಲಕ್ಕೆ ಇಟ್ಕೊಂಡು ಸುತ್ತಿ, ಇನ್ನೊಂದು ಬಾಗಿಲಲ್ಲಿ ಬಿಸಿಲಿಗೆ ಬರಬೇಕು. ಬಲಗೈ ಗೋಡೆ ಮೇಲೆ. ಎಡಗೈಲಿ ಜೊತೆಯೋರ ಕೈ. ಗಂಡ ಹೆಂಡತಿ ಆದ್ರೆ ಹೆಂಡತಿ ಕೈ. ಒಳಗೆ ಯಾರನ್ನೂ ಕೂಗಬಾರದು ಅಂತಾರೆ... ಯಾಕೆ ಅಂತ ಹೇಳಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಿನ ಕತ್ತಲಲ್ಲ ಅದು. ಬಟ್ಟೆ ಕಟ್ಟಿದ್ರೂ ಅದರಾಚೆ ಬೆಳಕಿದೆ ಅಂತ ಮನಸ್ಸಿಗೆ ಗೊತ್ತಿರತ್ತಲ್ಲ? ಅಲ್ಲಿ ಅದೂ ಇಲ್ಲ. ನಿಮಗೊಂದು ಕೈ ಇದೆ ಅಂತ ಗೊತ್ತಾಗೋದೇ ಇನ್ನೊಬ್ಬರು ಅದನ್ನ ಹಿಡಿದಿರೋದ್ರಿಂದ.

"ನಮ್ಮಣ್ಣ ಟೈಲರ್. ಬೀದಿಗೆ ಹೊಂದಿದ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಪರದೆ. ಹೆಂಗಸರ ರವಿಕೆ ಹೊಲಿಯೋದ್ರಲ್ಲಿ ಎತ್ತಿದ ಕೈ. ಕರೆಂಟ್ ಹೋದ್ರೂ ಸುಮ್ಮನೆ ಕೂರ್ತಿರಲಿಲ್ಲ; ಬಟ್ಟೆ ಗಂಟಿಗೆ ಕೈ ಹಾಕಿ, 'ಇದು ಪೋಸ್ಟಾಫೀಸಿನಮ್ಮಂದು, ಇದು ಅವರ ಸೊಸೇದು' ಅಂತ ಬೆರಳಲ್ಲೇ ನೋಡಿ ಬೇರೆ ಬೇರೆ ಇಡೋನು.

"ಅವನ ಮೊದಲನೇ ಹೆಂಡತಿ, ನಮ್ಮ ದೊಡ್ಡತ್ತಿಗೆ, ಅವನಿಗೆ ತಕ್ಕೋಳು. ಹುಕ್ ಹಾಕೋದು, ಗುಂಡಿಗೆ ಕಾಜಾ ಮಾಡೋದು, ಅಂಚು ಮಡಚಿ ಹೊಲಿಯೋದು ಎಲ್ಲ ಅವಳದು. ಮಿಶಿನ್ ಈ ಕಡೆ ಅವನು, ಆ ಕಡೆ ಮೂರುಕಾಲಿನ ಸ್ಟೂಲ್ ಮೇಲೆ ಅವಳು. ಮಾತೇ ಇಲ್ಲ. ಇವನ ಕಾಲು ಮಿಶಿನ್ ಮೇಲೆ ನಿಂತಿದ್ದೇ ತಡ, ಅವಳ ಕೈ ಮುಂದೆ ಬಂದಿರೋದು, ಬಟ್ಟೆ ಇಸ್ಕೊಳ್ಳೋಕೆ. ನಡುಬೆರಳಿಗೆ ಯಾವಾಗಲೂ ಅಂಗುಸ್ತಾನ. ಗೊತ್ತಲ್ಲ, ಸೂಜಿ ಚುಚ್ಚಬಾರದು ಅಂತ ಬೆರಳ ತುದಿಗೆ ಹಾಕೋ ಪುಟ್ಟ ಹಿತ್ತಾಳೆ ಟೋಪಿ, ಮೈತುಂಬ ಸಣ್ಣ ಸಣ್ಣ ಚುಕ್ಕಿ. ಅಡುಗೆ ಮಾಡುವಾಗಲೂ ತೆಗೀತಿರಲಿಲ್ಲ. ಪಾತ್ರೆಗೆ ತಾಗಿ ಟಿಣ್ ಅನ್ನೋದು. ನಾನು ರಜಕ್ಕೆ ಹೋದಾಗ ಆ ಟಿಣ್ ಕೇಳಿಯೇ ಎದ್ದೇಳ್ತಿದ್ದೆ. ಮದುವೆ ಆದ ಹೊಸದರಲ್ಲಿ ಇಬ್ಬರೂ ಈ ಗುಡಿಗೆ ಬಂದು ಸುತ್ತು ಹಾಕಿ ಹೋಗಿದ್ರು. ಆಮೇಲೆ ಒಂದು ಜ್ವರ ಬಂತು... ಹೋದಳು. ಅಂಗುಸ್ತಾನ ಬೆರಳಿಂದ ತೆಗೆದು ಮಿಶಿನ್ ಮೂಲೇಲಿ ಇಟ್ಟೋಳು ನಾನೇ. ಅವನು ಅದನ್ನ ಅಲ್ಲಿಂದ ಎತ್ತಲಿಲ್ಲ. ದಿನಾ ಬೆಳಿಗ್ಗೆ ಮಿಶಿನ್ ಒರೆಸುವಾಗ ಅದನ್ನೂ ಒರೆಸಿ ಅಲ್ಲೇ ಇಡೋನು.

"ಆಮೇಲೆ ಬಂದೋಳು ನಮ್ಮ ಚಿಕ್ಕತ್ತಿಗೆ."

ಅಜ್ಜಿಯ ದನಿ ಇಲ್ಲಿ ಬದಲಾದುದನ್ನು ನರ್ಸ್ ಗಮನಿಸಿದಳು. ಬಲು ಇಷ್ಟದವರ ಕುರಿತು ಹೇಳುವಾಗ ಆಗುವ ಹಾಗೆ ಅದು ತಗ್ಗಿತ್ತು.

"ಪುಸ್ತಕಕ್ಕೆ ಬೈಂಡ್ ಹಾಕೋ ಕಾರ್ಖಾನೇಲಿ ಕೆಲಸ ಮಾಡಿದ್ದೋಳು. ಎತ್ತರ. ಅಂಟು, ಕಾಗದ ಅಂತ ಕೈಯೆಲ್ಲ ಒರಟು, ಹಿಡಿದ್ರೆ ಹಲಗೆ ಹಿಡಿದ ಹಾಗೆ. ಅವಳು ನಗೋಕೆ ಶುರು ಮಾಡಿದ್ರೆ ಪಕ್ಕದ ಸೈಕಲ್ ಅಂಗಡಿಯೋನೂ ಏನು ಎತ್ತ ಗೊತ್ತಿಲ್ಲದೆ ನಗೋನು. ಆ ನಗು ನಮ್ಮಣ್ಣನ ಮನೇಲಿ ಒಂದು ವರ್ಷಕ್ಕೆ ಕಮ್ಮಿ ಆಯ್ತು. ಅವನು ಬೈದನಾ? ಇಲ್ಲ. ಹೊಡೆದನಾ? ಅಯ್ಯೋ, ಅವನು ಇರುವೆ ಕಂಡ್ರೆ ಕಾಲು ಎತ್ತಿ ಇಡೋನು. ಕೇಳಿದ್ದು ತಂದುಕೊಡೋನು, ಹಾಕಿದ್ದು ಉಣ್ಣೋನು. 'ಇವಳೇ' ಅಂತ ಕರೆಯೋನು. ಇವಳು ಒಂದು ದಿನ ಸ್ಟೂಲ್ ಮೇಲೆ ಕೂತು ಹುಕ್ ಹಾಕೋಕೆ ಹೋದಳು, ಬೆರಳು ಚುಚ್ಕೊಂಡು ಬಟ್ಟೆಗೆ ರಕ್ತ ಆಯ್ತು. ಅವನು ಮೆತ್ತಗೆ ಅದನ್ನ ಇಸ್ಕೊಂಡು, 'ನಿಂಗ್ಯಾಕೆ ಬಿಡು' ಅಂದ. ಅಷ್ಟೇ. ಅವತ್ತಿಂದ ಮಿಶಿನ್ ಕೆಲಸ ಮುಗಿಸಿ ಎದ್ದು ಬಂದು, ತಾನೇ ಆ ಸ್ಟೂಲ್ ಮೇಲೆ ಕೂತು ಹುಕ್ ಹಾಕೋನು.

"ಬದುಕಿರೋ ಸವತಿ ಆಗಿದ್ರೆ ಜಗಳ ಆಡಬಹುದು. ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅನ್ನಬಹುದು. ಅವಳಿಗೂ ವಯಸ್ಸಾಗತ್ತೆ, ಹಲ್ಲು ಬೀಳತ್ತೆ, ಒಂದಲ್ಲ ಒಂದು ದಿನ ಗಂಡನ ಹತ್ರ ಬೈಸ್ಕೊಳ್ತಾಳೆ. ಸತ್ತೋಳನ್ನ ಏನು ಮಾಡ್ತೀರ? ಅವಳು ಮುದುಕಿ ಆಗಲ್ಲ. ತಪ್ಪೇ ಮಾಡಲ್ಲ. ಚಿಕ್ಕತ್ತಿಗೆ ನಂಗೆ ಹೇಳಿದ್ದಳು, 'ನಾದಿನಿ, ನಾನು ಮನೆ ಗುಡಿಸುವಾಗ ಆ ಅಂಗುಸ್ತಾನದ ಹತ್ರ ಬಂದ್ರೆ ಪೊರಕೆ ಸದ್ದು ತಾನಾಗೇ ಕಮ್ಮಿ ಆಗತ್ತೆ. ಯಾರೋ ಮಲಗಿರೋರ ಹತ್ರ ಗುಡಿಸಿದ ಹಾಗೆ. ನನ್ನ ಮನೇಲಿ ನಾನು ಯಾರಿಗೆ ಹೆದರ್ತಿದೀನಿ?'

"ಅವಳೇ ಹೇಳಿದ್ದು ಗುಡಿಗೆ ಹೋಗೋಣ ಅಂತ. ಭಕ್ತಿ ಇತ್ತಾ? ಇತ್ತು, ಇಲ್ಲ ಅನ್ನಲ್ಲ. ಆದ್ರೆ ಭಕ್ತಿಗಿಂತ ಮೇಲೆ ಇದು: ಅವಳು ಕೈ ಹಿಡಿದು ನಡೆದ ಜಾಗದಲ್ಲಿ ನಾನೂ ಕೈ ಹಿಡಿದು ನಡೀಬೇಕು. ಅವಳ ಹೆಜ್ಜೆ ಮೇಲೆ ನನ್ನ ಹೆಜ್ಜೆ ಬಿದ್ದು ಅದು ಅಳಿಸಿ ಹೋಗಬೇಕು.

"ಹೋದ್ರು. ಓಣಿ ಒಳಗೆ ಹೊಕ್ರು. ಅವನ ಎಡಗೈಲಿ ಇವಳ ಬಲಗೈ. ಹೋಗ್ತಾ ಹೋಗ್ತಾ ಇವಳಿಗೆ ಅನ್ನಿಸ್ತಂತೆ, ಅವನು ಕೈಯನ್ನ ಹಿಡಿದಿಲ್ಲ, ಇಟ್ಕೊಂಡಿದಾನೆ ಅಷ್ಟೇ, ಸಂತೆ ಚೀಲ ಇಟ್ಕೊಂಡ ಹಾಗೆ. ಹೊಟ್ಟೆ ಉರೀತು. ಬಿಟ್ಟು ನೋಡೋಣ ಅನ್ನಿಸ್ತು. ನಾನು ಬಿಟ್ರೆ ಹುಡುಕ್ತಾನಾ? ತಡಕಾಡ್ತಾನಾ? ದೇವರ ಕಟ್ಟು ಮುರಿದು 'ಇವಳೇ' ಅಂತ ಒಂದು ಸಲ ಕೂಗ್ತಾನಾ? ಮೂಲೆ ತಿರುಗುವಾಗ ಕೈ ಎಳ್ಕೊಂಡು ಹಿಂದಿನ ಗೋಡೆಗೆ ಒರಗಿ ನಿಂತುಬಿಟ್ಟಳು...

"ಅವನು ನಿಲ್ಲಲಿಲ್ಲ.

"ಹೆಜ್ಜೆ ಮುಂದೆ ಹೋಯ್ತು. ಆತುರ ಇಲ್ಲ, ಅನುಮಾನ ಇಲ್ಲ. ಒಂದು ಜೊತೆ ಹೆಜ್ಜೆಯಲ್ಲ, ಎರಡು ಜೊತೆ. ಆಮೇಲೆ ಗೋಡೆ ಕಲ್ಲಿಗೆ ಏನೋ ತಾಗಿ ಸಣ್ಣಗೆ... ಟಿಣ್."

ಹೆಡ್‌ಮೇಡಂ ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ಬೇರೆ ಜನರೂ ಇರ್ತಾರಲ್ಲ ಒಳಗೆ" ಎಂದರು, ಪಾಠ ಒಪ್ಪಿಸಿದವಳನ್ನು ತಿದ್ದುವ ದನಿಯಲ್ಲಿ.

"ಇರಬಹುದು ಮೇಡಂ. ಅವಳೂ ಹಾಗೇ ಅಂದ್ಕೊಂಡು, ಗೋಡೆ ಸವರ್ಕೊಂಡು ಹಿಂದೆ ಹಿಂದೆ ಬಂದಳು. ಬಂದು ನೋಡ್ತಾಳೆ, ಅವನು ಬಿಸಿಲಲ್ಲಿ ನಿಂತಿದಾನೆ. ಅಂಥ ಮುಖ ಅವಳು ನೋಡೇ ಇರಲಿಲ್ಲವಂತೆ. ದೀಪ ಹಚ್ಚಿದ ಹಾಗೆ. 'ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆಯಲ್ಲ, ನೋಡು' ಅಂತ ಅಂಗೈ ತೋರಿಸಿದ. ಅಂಗೈ ನಡುವೆ ದುಂಡಗೆ ಒತ್ತಿದ ಗುರುತು, ಅದರ ತುಂಬ ಚುಕ್ಕಿ ಚುಕ್ಕಿ.

"ಈಗ ಹೇಳಿ. ನೀವಾಗಿದ್ರೆ ಏನು ಹೇಳ್ತಿದ್ರಿ? 'ಅದು ನಾನಲ್ಲ' ಅಂತೀರಾ? ಅಂದ್ರೆ ಆ ಮುಖದ ಮೇಲಿನ ಬೆಳಕನ್ನ ಎತ್ತಿ ಆ ಸತ್ತೋಳ ಕೈಗೆ ಕೊಟ್ಟ ಹಾಗೆ. ಚಿಕ್ಕತ್ತಿಗೆಗೆ ಅದು ಆಗಲಿಲ್ಲ. 'ಹೂಂ, ಕತ್ತಲು ನೋಡಿ ಹೆದರಿಕೆ ಆಯ್ತು' ಅಂದುಬಿಟ್ಟಳು. ಒಂದೇ ಮಾತು. ಆ ಕೈ ನಂದೇ ಅಂತ ಒಪ್ಕೊಂಡಳು.

"ಒಪ್ಕೊಂಡ ಮೇಲೆ ಸುಖವೋ ಸುಖ! ಮನೆಗೆ ಬಂದ ಮೇಲೆ ಅವನು ಬೇರೇನೇ ಮನುಷ್ಯ. ಚಹಾ ಕುಡಿಯುವಾಗ ಕರೆದು ಹತ್ರ ಕೂರಿಸ್ಕೊಳ್ಳೋನು. ಸ್ಟೂಲ್ ಒರೆಸಿ 'ಕೂತ್ಕೋ' ಅನ್ನೋನು. ಬಳೆ ತಂದ. ಅಳತೆ ಯಾರದು? ಕೇಳಬೇಡಿ. ಇವಳ ಗೆಣ್ಣು ದಾಟಲಿಲ್ಲ; ಸೋಪು ಹಚ್ಚಿ, ಚರ್ಮ ಸುಲಿದು ಏರಿಸ್ಕೊಂಡಳು. ಆಮೇಲೆ ತೆಗೆಯೋಕೆ ಬರಲೇ ಇಲ್ಲ. ನಾನು ನೋಡೋಕೆ ಹೋದಾಗ 'ಏನತ್ತಿಗೆ, ರಾಣಿ ಹಾಗಿದೀರ' ಅಂದೆ. 'ಹೂಂ ನಾದಿನಿ, ಇನ್ನೊಬ್ಬಳ ಸಿಂಹಾಸನ' ಅಂದಳು. ತಮಾಷೆ ಅಂದ್ಕೊಂಡೆ ನಾನು.

"ಒಂದು ಸಂಜೆ ಅವನು ಇವಳ ಕೈ ಹಿಡಿದು ಬೆಳಕಿಗೆ ಹಿಡಿದು ನೋಡಿದನಂತೆ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಬಟ್ಟೆ ನೋಡಿದ ಹಾಗೆ. ಏನೂ ಅನ್ನಲಿಲ್ಲ. ಎದ್ದು ಹೋಗಿ ಲೈಟ್ ಆರಿಸಿ ಬಂದು ಮತ್ತೆ ಹಿಡ್ಕೊಂಡ. ಅವತ್ತಿಂದ ಅದೇ ರೂಢಿ ಆಯ್ತು. ಕೈ ಹಿಡೀಬೇಕು ಅಂದ್ರೆ ಮೊದಲು ಲೈಟ್ ಆರಿಸೋದು. ಸ್ವಲ್ಪ ಹೊತ್ತು ಹಿಡಿಯೋನು, ಆಮೇಲೆ ಬಿಡೋನು. 'ಇಲ್ಲಿ ಬರ್ತಾ ಇಲ್ಲ. ಮತ್ತೊಂದು ಸಲ ಅಲ್ಲಿಗೆ ಹೋಗೋಣ' ಅನ್ನೋನು.

"ಯೋಚನೆ ಮಾಡಿ... ಗಂಡ ಬಾ ಅಂತಾನೆ, ಹತ್ರ ಕೂರಿಸ್ಕೋತಾನೆ, ಕೈ ಹಿಡೀತಾನೆ. ಎಲ್ಲ ಇದೆ. ಒಂದೂ ನಿಮ್ಮದಲ್ಲ. ಬಂದ ಕಾಗದ ನಿಮ್ಮ ಮನೆ ಬಾಗಿಲಿಗೇ ಬಂದಿದೆ, ಮೇಲೆ ಬೇರೆಯೋರ ವಿಳಾಸ. ಒಡೆದು ಓದೋಕೂ ಆಗಲ್ಲ, ವಾಪಸ್ ಕೊಡೋಕೂ ಮನಸ್ಸಿಲ್ಲ. ಒಂದು ಮಧ್ಯಾಹ್ನ ಅವಳು ಆ ಅಂಗುಸ್ತಾನ ಎತ್ಕೊಂಡು ಹೋಗಿ ಬೀದಿ ಮೋರಿಗೆ ಹಾಕಿದಳು. ನೀರು ಎಳ್ಕೊಂಡು ಹೋಗೋ ತನಕ ನಿಂತು ನೋಡಿದಳು. ಅವನು ಮಿಶಿನ್ ಒರೆಸುವಾಗ ಮೂಲೆ ಖಾಲಿ ಇದ್ದಿದ್ದು ನೋಡಿದ, ಕೇಳಲಿಲ್ಲ. ಅದೇ ಅವಳಿಗೆ ಇನ್ನೂ ಉರಿ. ಹುಡುಕಿದ್ರೆ, ರೇಗಿದ್ರೆ, ಒಂದು ತೃಪ್ತಿ ಆದ್ರೂ ಇರೋದು.

"ಮತ್ತೆ ಗುಡಿಗೆ ಹೋದ್ರು. ಈ ಸಲ ಅವಳು ಎರಡೂ ಕೈಲಿ ಅವನ ಎಡಗೈ ತಬ್ಬಿ ಹಿಡಿದಿದ್ದಳು. ಏನಾದ್ರೂ ಬಿಡಲ್ಲ ಅಂತ. ಅದೇ ಮೂಲೆ ಬಂತು. ಆಗ ಅವಳ ಬೆರಳ ಮೇಲೆ ಬೇರೆ ಬೆರಳು ಬಂದು ಕೂತವು. ತಣ್ಣಗಿರಲಿಲ್ಲ ಅಂತ ಹೇಳಿದಳು, ಅದೇ ಅವಳಿಗೆ ಸಹಿಸೋಕೆ ಆಗದೆ ಹೋಗಿದ್ದು... ಬೆಚ್ಚಗಿದ್ವು, ಮೃದುವಾಗಿದ್ವು. ಕಿತ್ತಾಡಲಿಲ್ಲ. ಮೊದಲು ಕಿರುಬೆರಳು ಬಿಡಿಸಿದ್ವು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ರವಿಕೆ ಹುಕ್ ಒಂದೊಂದೇ ಬಿಚ್ಚಿದ ಹಾಗೆ, ಅಷ್ಟು ನಾಜೂಕಾಗಿ, ಅಷ್ಟು ರೂಢಿಯಿಂದ. ಇವಳು ಬೈಂಡಿಂಗ್ ಒತ್ತಿದ ಕೈ, ಏನು ಶಕ್ತಿ ಇರಲಿಲ್ಲವಾ ಅದಕ್ಕೆ? ಶಕ್ತಿ ನಡೆಯೋದು ಎಳೆದಾಡೋರ ಹತ್ರ. ಬಿಚ್ಚೋದು ಗೊತ್ತಿದ್ದೋರ ಹತ್ರ ಅದು ನಡೆಯತ್ತಾ? ಹೊರಗೆ ಬಂದಾಗ ಅವನು ಮತ್ತೆ ಅಂಗೈ ತೋರಿಸಿದ. ಮತ್ತೆ ಚುಕ್ಕಿ. ಇವಳು ಮತ್ತೆ 'ಹೂಂ, ನಾನೇ' ಅಂದಳು."

ಮದುವೆಯಾಗಿ ತಿಂಗಳು ತುಂಬದ ಹುಡುಗಿಯೊಬ್ಬಳು ತನ್ನ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ನರ್ಸ್‌ಗೆ ಸಂಜೆ ಬಿಡಿಸಲು ನೋಡಿದ ಬೆರಳುಗಳ ನೆನಪಾಯಿತು. ಬಿಡಿಸುವಾಗ ಅವಳಿಗೆ ಅನ್ನಿಸಿದ್ದು ಆ ಬೆರಳುಗಳ ಬಿಗಿಯಲ್ಲ. ಅವುಗಳ ಒಳಗೆ ತನ್ನ ಬೆರಳು ತೂರಲು ಜಾಗವೇ ಇಲ್ಲವೆಂಬುದು.

"ಮೂರನೇ ಸಲ ನಾನೂ ಜೊತೇಲಿ ಬಂದೆ. 'ನಾದಿನಿ, ನೀನು ಬರಲೇಬೇಕು' ಅಂತ ಚಿಕ್ಕತ್ತಿಗೆ ಹೇಳಿ ಕಳಿಸಿದ್ದಳು. ಬಸ್ಸಲ್ಲಿ ಅಣ್ಣ ಮುಂದಿನ ಸೀಟಲ್ಲಿ ನಿದ್ದೆ. ನಾವಿಬ್ಬರು ಹಿಂದೆ. ಆಗ ಅವಳು ಇದನ್ನೆಲ್ಲ ನಂಗೆ ಹೇಳಿದ್ದು. ಕಿಟಕಿ ಹೊರಗೆ ನೋಡ್ತಾ, ಮಾರ್ಕೆಟ್ ರೇಟ್ ಹೇಳಿದ ಹಾಗೆ ಹೇಳ್ತಾ ಹೋದಳು. ನಾನು ಸಮಾಧಾನ ಮಾಡೋಕೆ, 'ಅವನಿಗೆ ಗೊತ್ತಿಲ್ಲವಲ್ಲ ಅತ್ತಿಗೆ. ನೀವೇ ಅಂತ ನಂಬಿದಾನೆ. ನಂಬಲಿ ಬಿಡಿ' ಅಂದೆ.

"ಅವಳು ನನ್ನ ಕಡೆ ತಿರುಗಿದಳು. 'ನಾದಿನಿ, ಕತ್ತಲಲ್ಲಿ ಮುಟ್ಟಿ ಇದು ಯಾರ ಬಟ್ಟೆ ಅಂತ ಹೇಳೋ ಮನುಷ್ಯ. ಅವರಿಗೆ ಇದು ಯಾರ ಕೈ ಅಂತ ಗೊತ್ತಾಗಲ್ವಾ? ಮೊದಲನೇ ದಿನವೇ ಗೊತ್ತಿತ್ತು. ನಾನು ಸುಳ್ಳು ಹೇಳ್ತಿದೀನಿ ಅಂತ ಇಷ್ಟು ದಿನ ನಾನೊಬ್ಬಳೇ ಬೇಯ್ತಿದ್ದೆ. ಸುಳ್ಳು ಅವರೂ ಹೇಳ್ತಿದ್ರು. ನಾನು ಹೂಂ ಅಂದ್ರೆ ಅವರಿಗೆ ಅವಳು ಸಿಗ್ತಾಳೆ. ನಾನು ಬರೀ ಹೂಂ ಅನ್ನೋಳು.'

"'ಹಾಗಾದ್ರೆ ಇವತ್ತು ಹೋಗೋದು ಬೇಡ. ತಲೆನೋವು ಅನ್ನಿ' ಅಂದೆ.

"'ಹೋಗ್ತೀನಿ. ಅವಳು ಎಡಗೈ ಇಟ್ಕೊಳ್ಳಲಿ, ಅವಳು ಮೊದಲು ಬಂದೋಳು. ಬಲಗೈ ನಂದು. ಅದನ್ನ ಬಿಡಿಸೋಕೆ ಅವಳು ಅವರನ್ನ ದಾಟಿ ಈ ಕಡೆ ಬರಬೇಕು. ಬರಬೇಕಾದ್ರೆ ಎಡಗೈ ಬಿಡಬೇಕು. ಬಿಡ್ತಾಳಾ? ಅವಳೂ ಹೆಂಗಸೇ ನಾದಿನಿ. ಬಿಡಲ್ಲ' ಅಂದಳು. ಅಂದು ನಕ್ಕಳು. ಎಷ್ಟೋ ದಿನ ಆಗಿತ್ತು ಆ ನಗು ಕೇಳಿ. ಮುಂದಿನ ಸೀಟಿನೋರೆಲ್ಲ ತಿರುಗಿ ನೋಡಿದ್ರು.

"ನಾನು ಹೊರಗೆ, ಓಣಿ ಮುಗಿಯೋ ಬಾಗಿಲ ಎದುರಿಗೆ ಕೂತೆ. ಹಾಡುಹಗಲು. ಚಪ್ಪಲಿ ಕಾಯೋಳು ಪಕ್ಕದಲ್ಲಿ ಕೂತು ತಲೆ ಬಾಚ್ಕೋತಿದ್ದಳು. ಒಳಗೆ ಹೋಗೋ ಬಾಗಿಲೂ ಅಲ್ಲಿಂದ ಕಾಣ್ತಿತ್ತು, ಇವರಿಬ್ಬರು ಹೋಗೋದು ನೋಡಿದೆ. ಚಿಕ್ಕತ್ತಿಗೆ ಅವನ ಬಲಕ್ಕೆ ಹೋಗಿ, ಅವನಿಗೂ ದೇವರ ಗೋಡೆಗೂ ಮಧ್ಯೆ ತೂರ್ಕೊಂಡು, ಅವನ ಬಲಗೈ ಹಿಡಿದಳು. ಅವನು ಏನೋ ಹೇಳೋಕೆ ಬಾಯಿ ತೆರೆದ... ಅಷ್ಟರಲ್ಲಿ ಇಬ್ಬರೂ ಕತ್ತಲೊಳಗೆ ಹೋಗಿಬಿಟ್ರು.

"ಹೊತ್ತಾಯ್ತು. ಅವರ ಹಿಂದೆ ಹೋಗಿದ್ದೋರು ಹೊರಗೆ ಬಂದ್ರು. ಅವರ ಹಿಂದಿನೋರೂ ಬಂದ್ರು. ಆಮೇಲೆ ಅವನು ಬಂದ. ಒಬ್ಬನೇ. ಎರಡೂ ತೋಳು ಮೈಯಿಂದ ಹೀಗೆ... ಸ್ವಲ್ಪ ದೂರ. ಬೆರಳು ಹೀಗೆ ಮುಚ್ಚಿ.

"'ಅತ್ತಿಗೆ ಎಲ್ಲೋ?' ಅಂದೆ.

"ಅವನು ಬಲಕ್ಕೆ ಕತ್ತು ತಿರುಗಿಸಿ ನೋಡಿದ. ಎಡಕ್ಕೆ ನೋಡಿದ. ನನ್ನ ನೋಡಿದ. 'ಇದ್ದಾಳಲ್ಲ' ಅಂದ."

ಅಜ್ಜಿ ತಾನೇ ಎದ್ದು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದು ಬಂದು ಕೂತಳು.

"ಹುಡುಕಿದ್ರು. ದೀಪ ಒಯ್ಯಬಾರದು ಅನ್ನೋ ಕಡೆ ಬ್ಯಾಟರಿ ಒಯ್ದು ಹುಡುಕಿದ್ರು. ಹೋಗೋದು ಒಂದು ಬಾಗಿಲು, ಬರೋದು ಒಂದು ಬಾಗಿಲು, ಎರಡೂ ಕಡೆ ಜನ. ಬಾವಿ ಇಲ್ಲ, ಬಿಲ ಇಲ್ಲ. ಆ ಮೂಲೇಲಿ ನೆಲದ ಮೇಲೆ ಬಳೆ ಸಿಕ್ಕಿದ್ವು. ಒಂದೂ ಒಡೆದಿರಲಿಲ್ಲ. ಸೋಪು ಹಚ್ಚಿ ಚರ್ಮ ಸುಲಿದು ಏರಿಸಿದ್ದ ಬಳೆ, ತೆಗೆಯೋಕೆ ಬರ್ತಿರಲಿಲ್ಲ ಅಂದೆನಲ್ಲ... ಒಂದರ ಮೇಲೊಂದು ಜೋಡಿಸಿ ಇಟ್ಟ ಹಾಗಿದ್ವು. ಪೊಲೀಸರು ಬಂದ್ರು, ಅಣ್ಣನ್ನ ಕರ್ಕೊಂಡು ಹೋಗಿ ಕೂರಿಸಿದ್ರು, ಕೇಳಿದ್ರು, ಬಿಟ್ರು. ಅವಳ ತವರಿನೋರು ಬಂದು ಬೈದು ಅತ್ತು ಹೋದ್ರು. ಎಲ್ಲ ಆಯ್ತು.

"ಅಂಗಡಿ ಮುಚ್ಚಿದ್ವಿ. ಅವನು ಕತ್ತರಿ ಹಿಡಿಯಲೇ ಇಲ್ಲ ಆಮೇಲೆ. ಕತ್ತರಿ ಏನು, ಲೋಟ ಹಿಡಿಯಲ್ಲ. ಎಷ್ಟೋ ಡಾಕ್ಟರಿಗೆ ತೋರಿಸಿದೆ ಮಗಾ, ನೀನು ಸಂಜೆ ನೋಡಿದ ಹಾಗೇ ನೋಡಿದ್ರು. ನರ ಸರಿ ಇದೆ ಅಂದ್ರು. ನಾನು ಸಿಟ್ಟಲ್ಲಿ ಒಂದು ದಿನ ಚಮಚ ಅವನ ಮುಂದೆ ಇಟ್ಟು, 'ತಗೊಂಡು ತಿನ್ನೋ' ಅಂದೆ. 'ಕೈ ಬಿಡುವಿಲ್ಲ ತಂಗಿ' ಅಂದ. ಸಿಟ್ಟಿಲ್ಲ, ನೋವಿಲ್ಲ. ಇವತ್ತಿಗೂ ಅವನನ್ನ ನೋಡಿದ್ರೆ ನಂಗೆ ಒಂದೊಂದು ಸಲ ಹೊಟ್ಟೆಕಿಚ್ಚಾಗತ್ತೆ. ಅಷ್ಟು ತುಂಬಿದ ಮುಖ ಯಾರಿಗಿರತ್ತೆ ಹೇಳಿ?"

"ಮತ್ತೆ ಯಾಕೆ ಕರ್ಕೊಂಡು ಬರ್ತೀರ ಇಲ್ಲಿಗೆ?" ಎಂದು ಕೇಳಿದರು ಹೆಡ್‌ಮೇಡಂ. ಅವರ ದನಿಯಲ್ಲಿ ಈಗ ಪಾಠ ಇರಲಿಲ್ಲ.

"ಎಲ್ಲಿ ಹಿಡಿದ್ರೋ ಅಲ್ಲೇ ಬಿಡ್ತಾರೇನೋ ಅಂತ. ಇಬ್ಬರಲ್ಲಿ ಒಬ್ಬಳಾದ್ರೂ. ಎಷ್ಟೋ ಸಲ ಬಂದಿದೀವಿ. ಬಿಡಲ್ಲ. ಯಾಕೆ ಬಿಡ್ತಾರೆ? ಒಬ್ಬಳು ಬಿಟ್ರೆ ಇನ್ನೊಬ್ಬಳು ಎರಡೂ ಕೈ ತಗೋತಾಳಲ್ಲ. ಇವಳು ಬಿಡಲಿ ಅಂತ ಅವಳು, ಅವಳು ಬಿಡಲಿ ಅಂತ ಇವಳು... ಹೋದ ಸಲ ನಾನೇ ಒಳಗೆ ಹೋದೆ. ಅವನ ಹಿಂದೆ, ಅಂಗಿ ಚುಂಗು ಹಿಡ್ಕೊಂಡು. ಅವನಿಗೆ ನಡೆಯೋಕೆ ಕಲಿಸಿದ್ದು ನಾನಲ್ಲ, ನಾನು ಚಿಕ್ಕೋಳು. ನಂಗೆ ನಡೆಯೋಕೆ ಕಲಿಸಿದ್ದು ಅವನು. ಇವರಿಬ್ಬರೂ ಬರೋಕೆ ಮುಂಚೆ ಆ ಕೈ ನಂದು. ಅದಕ್ಕೇ ಒಂದು ಧೈರ್ಯ. ಮೂಲೆ ತನಕ ಏನೂ ಆಗಲಿಲ್ಲ. ಅಲ್ಲಿ ಎಡಗಡೆಯೋಳು ನನ್ನ ಮುಟ್ಟಲೂ ಇಲ್ಲ, ಅವಳು ಯಾವತ್ತೂ ಹಾಗೇ, ಮಾತಿಲ್ಲ. ಬಲಗಡೆಯಿಂದ, ಇಲ್ಲಿ, ಕಿವಿ ಹತ್ರ, ಬಸ್ಸಲ್ಲಿ ಹೇಳಿದ ಹಾಗೇ ಸಣ್ಣಗೆ ಕೇಳಿಸ್ತು. 'ನಾದಿನಿ, ಜಾಗ ಇಲ್ಲ.'

"ಆಮೇಲೆ ನನ್ನ ಬೆರಳು ಒಂದೊಂದೇ ಬಿಡಿಸಿದ್ರು. ಒಬ್ಬಳು ಈ ಕಡೆಯಿಂದ, ಒಬ್ಬಳು ಆ ಕಡೆಯಿಂದ. ಅಷ್ಟು ವರ್ಷದಲ್ಲಿ ಅವರಿಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ ಇರಬೇಕು. ಅದಕ್ಕೇ ನಿಂಗೆ ಬೇಡ ಅಂದಿದ್ದು ಮಗಾ. ನಿನ್ನ ಕೈ ಒಳ್ಳೇದು, ಬೆಚ್ಚಗಿದೆ. ನಾನು ಅವರ ಗಂಡನ ತಂಗಿ, ನನ್ನ ಅಷ್ಟಕ್ಕೆ ಬಿಟ್ರು. ನಿನ್ನನ್ನ ಯಾರು ಅಂದ್ಕೋತಾರೋ ಅವರು?"

ನರ್ಸ್ ಏನೋ ಹೇಳಬೇಕೆಂದುಕೊಂಡಳು. ಇಂಥದಕ್ಕೆ ಹೆಸರುಗಳಿವೆ, ದುಃಖ ತಡೆಯಲಾರದ ಮನಸ್ಸು ಕೈಕಾಲುಗಳಿಗೆ ಇಳಿಯುವುದನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಾಚೆ, ಗಂಡಸರ ಕೋಣೆಯ ಕಡೆಯ ಓಣಿಯಲ್ಲಿ, ಹೆಜ್ಜೆಯ ಸದ್ದಾಯಿತು. ನಿಧಾನವಾಗಿ ಬಂದು ನಿಂತಿತು. ಯಾ‌ರೂ ಬಾಗಿಲು ತಟ್ಟಲಿಲ್ಲ.

"ತಂಗಿ" ಎಂದ ಮುದುಕ ಹೊರಗಿನಿಂದ. "ನೀರು ಬೇಕಿತ್ತು."

ನರ್ಸ್ ಹತ್ತಿರದಲ್ಲಿದ್ದಳು. ರೂಢಿಯಂತೆ ಎದ್ದು ಹೋಗಿ ಚಿಲಕ ಸರಿಸಿ ಒಂದು ಕದ ತೆರೆದಳು. ಹೆಡ್‌ಮೇಡಂರ ಟಾರ್ಚಿನ ಬೆಳಕಿನಲ್ಲಿ ಅವನು ಹೊಸ್ತಿಲಾಚೆ ಕಾಣಿಸಿದ, ಸೊರಗಿದ ಸಣ್ಣ ಮೈಯ ಮನುಷ್ಯ. ತೆರೆದಿದ್ದ ಜಾಗ ಅಂಥ ಇಬ್ಬರಿಗೆ ಸಾಕಾಗುವಂತಿತ್ತು. ಆದರೂ ಅವನು ಒಳಗೆ ಬರದೆ, ಕ್ಷಮೆ ಕೇಳುವವನ ಹಾಗೆ ನಗುತ್ತ ಅಲ್ಲೇ ನಿಂತಿದ್ದ.

"ಎರಡೂ ಕದ ತೆಗಿ ಮಗಾ" ಎಂದಳು ಅಜ್ಜಿ, ಮಂಚದಿಂದ ಏಳುತ್ತ. "ತೆಗೆದು, ಸ್ವಲ್ಪ ಈಚೆಗೆ ಬಂದು ನಿಂತ್ಕೋ."